ಶಿಷ್ಯರು ತಿದ್ದಿದ ಸಾಲು

ಹನ್ನೆರಡು ವರ್ಷದ ಮಗುವಿಗೆ ಹಲ್ಲಿನ ಕ್ಲಿಪ್ ಹಾಕಿಸಲು ಹೋದಾಗ, ವೈದ್ಯರು ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ ಕಾರ್ಡಿನ ಮೇಲೆ ಮೊದಲು ಬರೆಯುವ ಸಂಗತಿಗಳಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ: ಕ್ಲಾಸ್ 1, ಕ್ಲಾಸ್ 2 ಅಥವಾ ಕ್ಲಾಸ್ 3. ಮಂಗಳೂರಿನ ಆಸ್ಪತ್ರೆಯಲ್ಲಿ ಬರೆದ ಆ ಅಂಕಿಯನ್ನು ಮೆಲ್ಬರ್ನ್‌ನ ವೈದ್ಯರು ಓದಿದರೂ ಮಗುವಿನ ದವಡೆ ಹಲ್ಲುಗಳು ಹೇಗೆ ಕೂಡುತ್ತಿವೆ ಎಂಬುದು ಅವರಿಗೆ ತಿಳಿಯುತ್ತದೆ. ಆಮೇಲೆ ಒಂದೊಂದು ಹಲ್ಲಿನ ಮೇಲೂ ಅಂಟಿಸುವ ಬ್ರ್ಯಾಕೆಟ್ ಎಂಬ ಚಿಕ್ಕ ಲೋಹದ ತುಂಡು, ಅದರ ನಡುವಿನ ಆಯತಾಕಾರದ ಸೀಳು, ಆ ಸೀಳಿನಲ್ಲಿ ಕೂರುವ ತಂತಿ. ಈ ಅಂಕಿ ಮತ್ತು ಈ ಸೀಳು ಎರಡೂ ಅಮೆರಿಕದ ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್ ಎಂಬ ಒಬ್ಬನೇ ದಂತವೈದ್ಯನಿಂದ ಬಂದವು. ಆದರೆ ಅದೇ ಆ್ಯಂಗಲ್ ಜೀವಮಾನವಿಡೀ ಸಾರಿದ ಮಾತನ್ನು, ಅಂದರೆ ಚಿಕಿತ್ಸೆಗಾಗಿ ಒಂದು ಹಲ್ಲನ್ನೂ ಕೀಳಬಾರದು, ಎಲ್ಲವನ್ನೂ ಸಾಲಿಗೆ ತಂದರೆ ಎಲುಬು ತಾನಾಗಿ ಜಾಗ ಮಾಡಿಕೊಡುತ್ತದೆ ಎಂಬುದನ್ನು, ಇಂದಿನ ವೈದ್ಯರು ಹಾಗೆಯೇ ಒಪ್ಪುವುದಿಲ್ಲ. ಮಾತು ಬಿದ್ದುಹೋಗಿದೆ, ಅಳತೆಗೋಲು ನಿಂತಿದೆ. ಇದು ಆಕಸ್ಮಿಕವಲ್ಲ ಎಂಬುದೇ ಈ ಅಧ್ಯಾಯದ ವಾದ. ಆ್ಯಂಗಲ್ ತನ್ನ ನಂಬಿಕೆಯನ್ನು ಅಳೆದು ನೋಡಬಹುದಾದ ರೂಪದಲ್ಲಿ ಇಟ್ಟ. ಅಳೆದು ನೋಡಿದವರು ಅವನದೇ ಶಿಷ್ಯರು. ವಕ್ರದಂತ ಚಿಕಿತ್ಸೆ ಕೈಚಳಕದಿಂದ ವಿಜ್ಞಾನದ ಕಡೆಗೆ ಹೊರಳಿದ್ದು ಗುರುವಿನ ಸಿದ್ಧಾಂತ ಗೆದ್ದದ್ದರಿಂದಲ್ಲ, ಅದು ಸೋಲಲು ಸಾಧ್ಯವಿದ್ದದ್ದರಿಂದ.

ಆ್ಯಂಗಲ್ ಹುಟ್ಟಿದ್ದು 1855ರಲ್ಲಿ, ಪೆನ್ಸಿಲ್ವೇನಿಯಾದ ಹೆರಿಕ್ ಎಂಬ ಊರಿನ ಕೃಷಿಕರ ಮನೆಯಲ್ಲಿ. ಓದಿಗಿಂತ ಸಲಕರಣೆಗಳ ಮೇಲೆ ಕೈ ಆಡುತ್ತಿದ್ದ ಹುಡುಗ 1878ರಲ್ಲಿ ದಂತವೈದ್ಯನಾದ. ಶ್ವಾಸಕೋಶದ ತೊಂದರೆಯಿಂದ ಊರು ಬಿಟ್ಟು ಪಶ್ಚಿಮಕ್ಕೆ ಹೋದ, ಮೊಂಟಾನಾದಲ್ಲಿ ಕುರಿ ಸಾಕಲು ಕೈಹಾಕಿದ, ಕಠೋರ ಚಳಿಗಾಲವೊಂದು ಮಂದೆಯನ್ನು ನುಂಗಿಹಾಕಿದ ಮೇಲೆ ಮಿನ್ನಿಯಾಪೊಲಿಸ್‌ಗೆ ಮರಳಿ ಹಲ್ಲಿನ ಕೆಲಸಕ್ಕೇ ಕುಳಿತ. ಆಗ ವಕ್ರ ಹಲ್ಲನ್ನು ನೇರ ಮಾಡುವುದು ಪ್ರತ್ಯೇಕ ವಿದ್ಯೆಯಾಗಿರಲಿಲ್ಲ. ಫ್ರಾನ್ಸಿನ ಪಿಯೆರ್ ಫೊಶಾರ್ 1728ರಲ್ಲೇ ಲೋಹದ ಪಟ್ಟಿಗೆ ದಾರ ಕಟ್ಟಿ ಹಲ್ಲು ಎಳೆಯುವ ಬಗೆಯನ್ನು ಬರೆದಿದ್ದ. ನ್ಯೂಯಾರ್ಕಿನ ನಾರ್ಮನ್ ಕಿಂಗ್ಸ್ಲಿ 1880ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದಿದ್ದ. ಆದರೂ ಒಬ್ಬೊಬ್ಬ ವೈದ್ಯ ಒಂದೊಂದು ರೋಗಿಗೆ ಒಂದೊಂದು ಯಂತ್ರ ಹೂಡುತ್ತಿದ್ದ, ಹುಳುಕು ತುಂಬುವ ಕೆಲಸದ ನಡುವೆ ಬಿಡುವಾದಾಗ ಇದನ್ನೂ ನೋಡುತ್ತಿದ್ದ. ಒಬ್ಬನ ಅನುಭವ ಇನ್ನೊಬ್ಬನಿಗೆ ದಾಟಲು ಸಮಾನ ಭಾಷೆಯೇ ಇರಲಿಲ್ಲ. ಉಬ್ಬುಹಲ್ಲು, ಸೊಟ್ಟ ಹಲ್ಲು, ಹಲ್ಲಿನ ಮೇಲೆ ಹಲ್ಲು ಎಂದು ಕಂಡದ್ದನ್ನು ಬಣ್ಣಿಸಬಹುದಿತ್ತು, ಅಷ್ಟೆ. ನೂರು ಉಬ್ಬುಹಲ್ಲುಗಳಲ್ಲಿ ಎಷ್ಟು ಒಂದೇ ಬಗೆಯವು, ಯಾವ ಬಗೆಗೆ ಯಾವ ಚಿಕಿತ್ಸೆ ಫಲಿಸಿತು ಎಂದು ಕೇಳಿದರೆ ಉತ್ತರಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ತೆರೆದದ್ದು 1899ರಲ್ಲಿ ‘ಡೆಂಟಲ್ ಕಾಸ್ಮಾಸ್’ ಪತ್ರಿಕೆಯಲ್ಲಿ ಬಂದ ಆ್ಯಂಗಲ್‌ನ ವರ್ಗೀಕರಣ. ಅದರ ಬಲ ಇರುವುದು ಅದು ಬಿಟ್ಟುಬಿಟ್ಟ ಸಂಗತಿಗಳಲ್ಲಿ. ಮುಂದಿನ ಹಲ್ಲು ಎಷ್ಟು ಸೊಟ್ಟಗಿದೆ ಎಂದು ನೋಡುವ ಮೊದಲು ಹಿಂದಿನ ಹಲ್ಲು ನೋಡಿ ಎಂದ ಆತ. ಆರನೆಯ ವರ್ಷದ ಸುಮಾರಿಗೆ, ಒಂದು ಹಾಲುಹಲ್ಲೂ ಬೀಳಬೇಕಿಲ್ಲದೆ, ಹಾಲುಹಲ್ಲುಗಳ ಹಿಂದೆ ಮೊದಲ ಕಾಯಂ ದವಡೆ ಹಲ್ಲು ಮೂಡುತ್ತದೆ. ಮೇಲಿನ ಈ ಹಲ್ಲಿನ ಕೆನ್ನೆ ಬದಿಯ ಮುಂಭಾಗದ ಉಬ್ಬು ಕೆಳಗಿನ ಹಲ್ಲಿನ ತೋಡಿನಲ್ಲಿ ಸರಿಯಾಗಿ ಕೂತರೆ ಹಿಂದಿನ ಹೊಂದಿಕೆ ಸರಿಯಿದೆ, ತೊಂದರೆ ಇದ್ದರೆ ಅದು ಮುಂದಿನ ಹಲ್ಲುಗಳದ್ದು: ಕ್ಲಾಸ್ 1. ಕೆಳಗಿನ ಹಲ್ಲು ಇರಬೇಕಾದ ಜಾಗಕ್ಕಿಂತ ಹಿಂದೆ ಸರಿದಿದ್ದರೆ ಕ್ಲಾಸ್ 2, ಮುಂದೆ ಬಂದಿದ್ದರೆ ಕ್ಲಾಸ್ 3. ಕ್ಲಾಸ್ 2ರಲ್ಲಿ ಮೇಲಿನ ಬಾಚಿಹಲ್ಲುಗಳು ಹೊರಕ್ಕೆ ಚಾಚಿವೆಯೋ ಒಳಕ್ಕೆ ಬಾಗಿವೆಯೋ ನೋಡಿ ಎರಡು ಉಪವಿಭಾಗ. ಒಂದು ಹಲ್ಲು, ಒಂದು ತೋಡು, ಮೂರು ಉತ್ತರ. ಕಲಿಯಲು ಅರ್ಧ ತಾಸು ಸಾಕು. ಇದರಿಂದ ಆದ ಲಾಭ ದೊಡ್ಡದು. ಒಂದೇ ರೀತಿ ಉಬ್ಬಿದಂತೆ ಕಾಣುವ ಎರಡು ಬಾಯಿಗಳಲ್ಲಿ ಒಂದರದು ಹಲ್ಲುಗಳಷ್ಟೇ ಮುಂದೆ ಬಾಗಿದ ತೊಂದರೆ, ಇನ್ನೊಂದರದು ಕೆಳಗಿನ ಸಾಲೇ ಹಿಂದೆ ಉಳಿದ ತೊಂದರೆ ಎಂದು ಬೇರ್ಪಡಿಸುವುದು ಸಾಧ್ಯವಾಯಿತು. ‘ಸರಿಯಾದದ್ದು’ ಯಾವುದೆಂದು ಸ್ಪಷ್ಟವಾಗಿ ಗೊತ್ತುಮಾಡಿದ ಮೇಲೆಯೇ ‘ತಪ್ಪಾದದ್ದು’ ಎಷ್ಟು ತಪ್ಪಿದೆ ಎಂಬ ಪ್ರಶ್ನೆಗೆ ಅರ್ಥ ಬರುವುದು.

ಮುಂದಿನ ಮೂವತ್ತು ವರ್ಷ ಆತ ಎರಡು ಕೆಲಸಗಳನ್ನು ಬಿಡದೆ ಹಚ್ಚಿಕೊಂಡ. ಮೊದಲನೆಯದು ಜನರನ್ನು ತಯಾರು ಮಾಡುವುದು. ದಂತವೈದ್ಯ ಕಾಲೇಜುಗಳಲ್ಲಿ ಪಾಠ ಹೇಳಿ ಬೇಸತ್ತು 1900ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸ್ವಂತ ಶಾಲೆ ತೆರೆದ. ಅದೇ ಸುಮಾರಿಗೆ ಈ ವಿದ್ಯೆಯ ಮೊದಲ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನೂ ಅವನೇ. ಶಾಲೆ ಮುಂದೆ ಅಮೆರಿಕದ ಪೂರ್ವ ತೀರಕ್ಕೂ ಕೊನೆಗೆ ಕ್ಯಾಲಿಫೋರ್ನಿಯಾದ ಪಸಡೀನಾಕ್ಕೂ ಹೋಯಿತು. ತಾನೂ ದಂತವೈದ್ಯ ವಿದ್ಯೆ ಕಲಿತಿದ್ದ ಹೆಂಡತಿ ಆ್ಯನಾ ಹಾಪ್ಕಿನ್ಸ್ ಅದರ ಆಧಾರಸ್ತಂಭವಾಗಿದ್ದಳು. ಎರಡನೆಯ ಕೆಲಸ ಸಲಕರಣೆ. ಸಾಲಿನ ಹೊರಗೆ ಬಿಲ್ಲಿನಂತೆ ಬಾಗಿದ ತಂತಿಯಿಂದ ಶುರುಮಾಡಿ ಒಂದೊಂದರ ಕೊರತೆಯನ್ನೂ ಇನ್ನೊಂದರಲ್ಲಿ ತುಂಬುತ್ತ 1920ರ ದಶಕದ ಕೊನೆಗೆ ‘ಎಡ್ಜ್‌ವೈಸ್’ ಎಂಬ ಬ್ರ್ಯಾಕೆಟ್ಟಿಗೆ ಬಂದ. ದುಂಡನೆಯ ತಂತಿ ಹಲ್ಲಿನ ತಲೆಯನ್ನು ದೂಡುತ್ತದೆ, ಆದರೆ ಬೇರು ಎತ್ತ ಹೋಗಬೇಕೆಂದು ಅದು ಹೇಳಲಾರದು, ಹಲ್ಲು ವಾಲಿಬಿಡುತ್ತದೆ. ಆಯತಾಕಾರದ ಸೀಳಿನಲ್ಲಿ ಆಯತಾಕಾರದ ತಂತಿಯನ್ನು ತುಸು ತಿರುಚಿ ಕೂರಿಸಿದರೆ, ತಂತಿ ನೆಟ್ಟಗಾಗಲು ಹವಣಿಸುವಾಗ ಹಲ್ಲಿನ ಬೇರೂ ತಿರುಗುತ್ತದೆ. ಹಲ್ಲನ್ನು ಮೂರು ದಿಕ್ಕಿನಲ್ಲೂ ಹತೋಟಿಗೆ ತಂದ ಸೀಳಿನ ಅಳತೆ 0.022 ಇಂಚು ಅಗಲ, 0.028 ಇಂಚು ಆಳ. ಚಿನ್ನದ ತಂತಿ ಹೋಗಿ ಸ್ಟೇನ್‌ಲೆಸ್ ಸ್ಟೀಲ್ ಬಂತು, ಆಮೇಲೆ ನಿಕಲ್-ಟೈಟಾನಿಯಂ ಬಂತು. ಆ ಅಳತೆಯ ಬ್ರ್ಯಾಕೆಟ್ ಇಂದಿಗೂ ಮಾರಾಟದಲ್ಲಿದೆ.

ಹಲ್ಲು ಎಲುಬಿನಲ್ಲಿ ಗೂಟ ಹೊಡೆದಂತೆ ನೆಟ್ಟದ್ದಾಗಿದ್ದರೆ ಈ ಯಾವ ತಂತಿಯೂ ಕೆಲಸ ಮಾಡುತ್ತಿರಲಿಲ್ಲ. ಬೇರಿಗೂ ಎಲುಬಿಗೂ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪದ ನಾರಿನ ಪದರವಿದೆ. ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಬದಿಯಲ್ಲಿ ಎಲುಬನ್ನು ಕರಗಿಸುವ ಕೋಶಗಳೂ, ಎಳೆತ ಬಿದ್ದ ಬದಿಯಲ್ಲಿ ಹೊಸ ಎಲುಬು ಕಟ್ಟುವ ಕೋಶಗಳೂ ಕೆಲಸಕ್ಕಿಳಿಯುತ್ತವೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಗಳ ಹಲ್ಲು ಸರಿಸಿ, ಎಲುಬಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1904ರ ಸುಮಾರಿಗೆ ಇದನ್ನು ತೋರಿಸಿದ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ನಡೆಯುತ್ತದೆ, ತನ್ನ ಗೂಡನ್ನೂ ಜೊತೆಯಲ್ಲೇ ಒಯ್ಯುತ್ತದೆ. ಇದಕ್ಕೆ ಮೊದಲೇ, 1892ರಲ್ಲಿ, ಬರ್ಲಿನ್ನಿನ ಜೂಲಿಯಸ್ ವೋಲ್ಫ್ ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದಿದ್ದ. ಆ್ಯಂಗಲ್‌ಗೆ ಇದು ಕೈಗೆ ಸಿಕ್ಕ ದೀಪವಾಯಿತು. ಎಲ್ಲ ಹಲ್ಲುಗಳನ್ನೂ ಅಗಲವಾದ ಕಮಾನಿನಲ್ಲಿ ಸರಿಯಾಗಿ ಕೂರಿಸಿ ಅಗಿಯಲು ಬಿಟ್ಟರೆ, ಆ ಭಾರಕ್ಕೆ ದವಡೆಯ ಎಲುಬೂ ಬೆಳೆದು ಹಲ್ಲುಗಳನ್ನು ಹಿಡಿದುಕೊಳ್ಳುತ್ತದೆ ಎಂದು ತೀರ್ಮಾನಿಸಿದ. ತರ್ಕ ಜಾರಿದ್ದು ಇಲ್ಲಿ. ಹಲ್ಲಿನ ಗೂಡಿನ ಸುತ್ತಲಿನ ತೆಳು ಎಲುಬು ಹಲ್ಲಿನ ಬೆನ್ನು ಹತ್ತಿ ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿಯಿತ್ತು. ಅದರಡಿಯ ದವಡೆಯ ಬುನಾದಿಯೂ ಹಾಗೆಯೇ ಬೆಳೆಯುತ್ತದೆ ಎಂಬುದಕ್ಕೆ ಸಾಕ್ಷಿಯಿರಲಿಲ್ಲ. ಗೋಡೆ ಸರಿದದ್ದನ್ನು ಕಂಡು ಅಡಿಪಾಯವೂ ಸರಿದೀತು ಎಂದು ಎಣಿಸಿದಂತಾಯಿತು.

ಈ ತೀರ್ಮಾನಕ್ಕೆ ಸೌಂದರ್ಯದ ಒಂದು ಕಲ್ಪನೆಯೂ ಬೆಂಬಲವಾಗಿತ್ತು. ಒಂದೂ ಹಲ್ಲು ತಪ್ಪದೆ ಅಚ್ಚುಕಟ್ಟಾಗಿ ಕೂಡಿಕೊಂಡಿದ್ದ ತಲೆಬುರುಡೆಯೊಂದನ್ನು ಆ್ಯಂಗಲ್ ‘ಓಲ್ಡ್ ಗ್ಲೋರಿ’ ಎಂದು ಕರೆದು ಆದರ್ಶವಾಗಿ ಇಟ್ಟುಕೊಂಡಿದ್ದ. ಮುಖದ ಚೆಲುವಿಗೂ ಇಂಥದೇ ಒಂದು ನಿಯಮ ಬೇಕೆಂದು ಸೇಂಟ್ ಲೂಯಿಸ್‌ನ ಚಿತ್ರಕಲೆಯ ಅಧ್ಯಾಪಕ ಎಡ್ಮಂಡ್ ವುರ್ಪಲ್‌ನನ್ನು ಕೇಳಿದಾಗ, ಮನುಷ್ಯರ ಮುಖಗಳು ಅಷ್ಟು ಬಗೆಯವು, ಅವಕ್ಕೆಲ್ಲ ಒಂದೇ ಸೂತ್ರ ಹೊಂದದು ಎಂಬ ಉತ್ತರ ಬಂತು. ಆ್ಯಂಗಲ್ ಅದನ್ನು ಒಪ್ಪಿಕೊಂಡ, ಆದರೆ ತನ್ನದೇ ರೀತಿಯಲ್ಲಿ: ಸೂತ್ರ ಬೇಡ, ಎಲ್ಲ ಹಲ್ಲುಗಳೂ ಸರಿಯಾಗಿ ಕೂತರೆ ಆಯಾ ಮುಖಕ್ಕೆ ಒಪ್ಪುವ ಚೆಲುವು ತಾನಾಗಿ ಬರುತ್ತದೆ ಎಂದ. ಇದನ್ನು ನೇರವಾಗಿ ಪ್ರಶ್ನಿಸಿದವನು ಷಿಕಾಗೊದ ಕ್ಯಾಲ್ವಿನ್ ಕೇಸ್. 1911ರಲ್ಲಿ ಅಮೆರಿಕದ ದಂತವೈದ್ಯರ ರಾಷ್ಟ್ರೀಯ ಸಭೆಯಲ್ಲಿ, ಎರಡೂ ಸಾಲುಗಳು ಮುಂದೆ ಚಾಚಿ ತುಟಿ ಮುಚ್ಚಲಾಗದ ಮುಖಗಳೂ ಇವೆ, ಅಲ್ಲಿ ಒಂದೂ ಹಲ್ಲು ತೆಗೆಯದೆ ಸಾಲು ನೇರಮಾಡಿದರೆ ಮುಖ ಇನ್ನಷ್ಟು ಕೆಡುತ್ತದೆ ಎಂದು ವಾದಿಸಿದ. ಎಲ್ಲರ ಹಲ್ಲನ್ನೂ ಕೀಳಿ ಎಂದು ಆತ ಹೇಳಿರಲಿಲ್ಲ. ಆಯ್ದ ಕೆಲವರದ್ದು ಮಾತ್ರ ಎಂದಿದ್ದ. ಆ್ಯಂಗಲ್‌ನ ಶಿಷ್ಯ ಮಾರ್ಟಿನ್ ಡ್ಯೂಯಿ ಮತ್ತು ಸಂಗಡಿಗರು ಅವನ ಮೇಲೆ ಮುಗಿಬಿದ್ದರು. ಅಂದಿನ ಮಟ್ಟಿಗೆ ಗೆದ್ದದ್ದು ಆ್ಯಂಗಲ್‌ನ ಪಕ್ಷವೇ. ಆದರೆ ಆ ಗೆಲುವನ್ನು ತೂಗಬಲ್ಲ ತಕ್ಕಡಿ ಎರಡೂ ಕಡೆಯವರ ಬಳಿ ಇರಲಿಲ್ಲ. ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಎಲುಬು ನಿಜವಾಗಿ ಎಷ್ಟು ಬದಲಾಯಿತು ಎಂದು ಬದುಕಿರುವ ಮನುಷ್ಯನ ತಲೆಯೊಳಗೆ ನೋಡುವುದು ಹೇಗೆ?

ಆ ತಕ್ಕಡಿ ಬಂದದ್ದು ಆ್ಯಂಗಲ್ 1930ರಲ್ಲಿ ತೀರಿಕೊಂಡ ಬೆನ್ನಿಗೇ, ಅದೂ ಅವನ ನೆನಪಿಗೆ ಶಿಷ್ಯರು ಶುರುಮಾಡಿದ ‘ಆ್ಯಂಗಲ್ ಆರ್ಥೊಡಾಂಟಿಸ್ಟ್’ ಪತ್ರಿಕೆಯ ಮೊದಲ ಸಂಪುಟದಲ್ಲಿ. 1931ರಲ್ಲಿ ಶಿಷ್ಯ ಹಾಲಿ ಬ್ರಾಡ್‌ಬೆಂಟ್, ತಲೆಯನ್ನು ಪ್ರತಿಸಲವೂ ಒಂದೇ ಭಂಗಿಯಲ್ಲಿ ಹಿಡಿದು ಒಂದೇ ದೂರದಿಂದ ಎಕ್ಸ್-ರೇ ತೆಗೆಯುವ ವಿಧಾನವನ್ನು ಅಲ್ಲಿ ಪ್ರಕಟಿಸಿದ. ಒಂದೇ ಮಗುವಿನ ಇಂದಿನ ಚಿತ್ರದ ಮೇಲೆ ಎರಡು ವರ್ಷದ ಆಚಿನ ಚಿತ್ರವನ್ನು ಇಟ್ಟು ನೋಡಬಹುದಾಯಿತು. 1938ರಲ್ಲಿ ಇನ್ನೊಬ್ಬ ಶಿಷ್ಯ ಅಲನ್ ಬ್ರೋಡಿ ಮತ್ತು ಇಲಿನಾಯ್‌ನ ಸಹೋದ್ಯೋಗಿಗಳು ಚಿಕಿತ್ಸೆ ಮುಗಿದವರ ಇಂಥ ಚಿತ್ರಗಳನ್ನು ಹೋಲಿಸಿದಾಗ ಕಂಡದ್ದು, ಬದಲಾವಣೆ ಬಹುಮಟ್ಟಿಗೆ ಹಲ್ಲಿನ ಗೂಡುಗಳ ಎಲುಬಿಗೆ ಸೀಮಿತವಾಗಿದೆ, ದವಡೆಯ ಬುನಾದಿ ಅಲುಗಿಲ್ಲ ಎಂದು. ಅತ್ತ ಅರಿಜೋನಾದ ಚಾರ್ಲ್ಸ್ ಟ್ವೀಡ್, ಆ್ಯಂಗಲ್‌ನ ಕೊನೆಗಾಲದ ನೆಚ್ಚಿನ ಶಿಷ್ಯ, ಆರು ವರ್ಷಕ್ಕೂ ಹೆಚ್ಚು ಕಾಲ ಗುರುವಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಆಮೇಲೆ ತನ್ನ ರೋಗಿಗಳನ್ನು ಮತ್ತೆ ಕರೆದು ನೋಡಿದರೆ ಅನೇಕರ ಬಾಯಿ ಮುಂದೆ ಉಬ್ಬಿತ್ತು, ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು. ಅಂಥವರಲ್ಲಿ ಕೋರೆಹಲ್ಲಿನ ಹಿಂದಿನ ನಾಲ್ಕು ಮುಂದವಡೆ ಹಲ್ಲುಗಳನ್ನು ತೆಗೆಸಿ, ಗುರುವಿನದೇ ಬ್ರ್ಯಾಕೆಟ್ಟಿನಿಂದ ಎರಡನೇ ಸಲ ಚಿಕಿತ್ಸೆ ಮಾಡಿದ. 1940ರಲ್ಲಿ ಹೀಗೆ ಮೊದಲು ಹಲ್ಲು ಕೀಳದೆ, ಆಮೇಲೆ ಕಿತ್ತು ಚಿಕಿತ್ಸೆ ಮಾಡಿದ ನೂರು ರೋಗಿಗಳ ದಾಖಲೆಯನ್ನು ಸಹೋದ್ಯೋಗಿಗಳ ಮುಂದೆ ಹರಡಿದ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರೇಮಂಡ್ ಬೆಗ್, ಅವನೂ ಪಸಡೀನಾದಲ್ಲಿ ಕಲಿತವನೇ, 1928ರಿಂದಲೇ ಹಲ್ಲು ತೆಗೆಸಿ ಚಿಕಿತ್ಸೆ ಮಾಡತೊಡಗಿದ್ದ. ಕೇಸ್‌ನ ಮಾತನ್ನು ವಿರೋಧಿಗಳು ಅಡಗಿಸಿದ್ದರು. ಅದೇ ಮಾತನ್ನು ಮನೆಯೊಳಗಿನವರ ಅಳತೆಗಳು ಮತ್ತೆ ಹೊರತಂದವು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಆ್ಯಂಗಲ್ ಭಿನ್ನಾಭಿಪ್ರಾಯ ಸಹಿಸುವ ಮನುಷ್ಯನಾಗಿರಲಿಲ್ಲ, ಶಿಷ್ಯರಿಂದ ನಿಷ್ಠೆಯನ್ನೇ ಬಯಸಿದ. ಶಿಷ್ಯರು ಸತ್ಯ ಕಂಡದ್ದು ಗುರುವಿನಿಂದಲೋ, ಗುರು ಇದ್ದರೂ ಲೆಕ್ಕಿಸದೆಯೋ? ತನ್ನನ್ನು ತಿದ್ದಿದ್ದಕ್ಕೆ ಅವನಿಗೇ ಪುಣ್ಯ ಕಟ್ಟುವುದು ಯಾವ ನ್ಯಾಯ? ಆಕ್ಷೇಪದಲ್ಲಿ ಹುರುಳಿದೆ. ಅವನ ಸ್ವಭಾವದಿಂದ ಕೇಸ್‌ನ ವಿಚಾರ ಕಾಲು ಶತಮಾನ ಹಿಂದೆ ಬಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಸ್ವಭಾವ ಬೇರೆ, ಕಲಿಸಿದ ಪದ್ಧತಿ ಬೇರೆ. ‘ಚಿಕಿತ್ಸೆಯಿಂದ ಮುಖ ಚೆನ್ನಾಗಿ ಕಾಣುತ್ತದೆ’ ಎಂದಷ್ಟೇ ಆತ ಹೇಳಿದ್ದರೆ ಟ್ವೀಡ್‌ಗೆ ಅಲ್ಲಗಳೆಯಲು ಏನೂ ಸಿಗುತ್ತಿರಲಿಲ್ಲ. ಈ ಉಬ್ಬು ಈ ತೋಡಿನಲ್ಲಿ ಕೂರಬೇಕು, ಎಲ್ಲ ಹಲ್ಲೂ ಉಳಿಯಬೇಕು, ಆಗ ಎಲುಬು ಬೆಳೆಯುತ್ತದೆ, ಸಾಲು ನಿಲ್ಲುತ್ತದೆ ಎಂದು ಆತ ಬಿಡಿಬಿಡಿಯಾಗಿ ಹೇಳಿದ್ದರಿಂದ ಒಂದೊಂದನ್ನೂ ಬೇರೆ ಬೇರೆ ಪರೀಕ್ಷಿಸಬಹುದಾಯಿತು. ಎಡ್ಜ್‌ವೈಸ್ ಇಲ್ಲದಿದ್ದರೆ, ಕಿತ್ತ ಹಲ್ಲಿನ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲದಂತೆ ಬೇರುಸಮೇತ ತರಲು ಟ್ವೀಡ್‌ಗೆ ಆಗುತ್ತಲೇ ಇರಲಿಲ್ಲ. ಗುರುವಿನ ಸಿದ್ಧಾಂತವನ್ನು ಮುರಿದ ಕೈಯಲ್ಲಿದ್ದದ್ದು ಗುರುವಿನ ಉಳಿಯೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ. ಶಿಷ್ಯರು ತಿದ್ದಿದ್ದಾದರೂ ಸರಿಯೇ? ಉತ್ತರ ಕರೊಲಿನಾ ವಿಶ್ವವಿದ್ಯಾಲಯದ ಚಿಕಿತ್ಸಾಲಯದ ನಲವತ್ತು ವರ್ಷದ ದಾಖಲೆಗಳನ್ನು ವಿಲಿಯಂ ಪ್ರಾಫಿಟ್ 1994ರಲ್ಲಿ ಒಟ್ಟುಗೂಡಿಸಿದ. 1953ರಲ್ಲಿ ಅಲ್ಲಿ ಶೇಕಡ 30ರಷ್ಟು ರೋಗಿಗಳ ಹಲ್ಲು ತೆಗೆಸಿ ಚಿಕಿತ್ಸೆ ಮಾಡಲಾಗುತ್ತಿತ್ತು, 1968ರಲ್ಲಿ ಶೇಕಡ 76, 1993ರಲ್ಲಿ ಮತ್ತೆ ಶೇಕಡ 28. ಹದಿನೈದು ವರ್ಷದಲ್ಲಿ ಒಂದು ಊರಿನ ಮಕ್ಕಳ ದವಡೆ ಅಷ್ಟು ಕಿರಿದಾಗಿ, ಮುಂದಿನ ಇಪ್ಪತ್ತೈದು ವರ್ಷದಲ್ಲಿ ಮತ್ತೆ ಅಗಲವಾಗಲು ಸಾಧ್ಯವಿಲ್ಲ. ಬದಲಾದದ್ದು ವೈದ್ಯರ ಒಲವು. ಹಲ್ಲು ಕಿತ್ತರೆ ಸಾಲು ನಿಲ್ಲುತ್ತದೆ ಎಂಬ ಟ್ವೀಡ್ ಪರಂಪರೆಯ ಭರವಸೆಯೂ ಅಳತೆಯ ಮುಂದೆ ಪೂರ್ತಿ ನಿಲ್ಲಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು ಮುಂದವಡೆ ಹಲ್ಲು ತೆಗೆಸಿ ಚಿಕಿತ್ಸೆ ಪಡೆದ 65 ಮಂದಿಯನ್ನು, ಹಲ್ಲು ಹಿಡಿದಿಡುವ ರಿಟೈನರ್ ಬಿಟ್ಟು ಹತ್ತು ವರ್ಷವಾದ ಮೇಲೆ ನೋಡಿ 1981ರಲ್ಲಿ ವರದಿ ಮಾಡಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂದಿನ ಹಲ್ಲುಗಳು ತೃಪ್ತಿಕರವಾಗಿ ಉಳಿದಿರಲಿಲ್ಲ. ಇದು ಈ ಅಧ್ಯಾಯದ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಆ್ಯಂಗಲ್‌ನ ನಂಬಿಕೆಗೆ ಒಡ್ಡಿದ ಪರೀಕ್ಷೆಯನ್ನೇ ಶಿಷ್ಯರ ನಂಬಿಕೆಗೂ ಒಡ್ಡಲಾಯಿತು. ಆದರ್ಶವೂ ಇದೇ ಹಾದಿ ಹಿಡಿಯಿತು. ಲಾರೆನ್ಸ್ ಆಂಡ್ರ್ಯೂಸ್ 1972ರಲ್ಲಿ, ಚಿಕಿತ್ಸೆಯನ್ನೇ ಪಡೆಯದೆ ಸಹಜವಾಗಿ ಚೆನ್ನಾಗಿದ್ದ 120 ಬಾಯಿಗಳ ಅಚ್ಚು ಅಳೆದು, ಅವೆಲ್ಲಕ್ಕೂ ಸಾಮಾನ್ಯವಾದ ಆರು ಲಕ್ಷಣಗಳನ್ನು ಹೇಳಿದ. ಒಂದು ತಲೆಬುರುಡೆ ಕೂತಿದ್ದ ಪೀಠದಲ್ಲಿ ನೂರಿಪ್ಪತ್ತು ಬಾಯಿಗಳು ಬಂದು ಕೂತವು.

ಹಾಗಾದರೆ ದವಡೆಯಲ್ಲಿ ಜಾಗ ಸಾಲದೇ ಹೋಗುವುದು ಏಕೆ? ಕೇಸ್ ವಂಶದ ಕಡೆ ಬೆರಳು ತೋರಿದ್ದ. ಮಾನವಶಾಸ್ತ್ರಜ್ಞರು ತಟ್ಟೆಯ ಕಡೆ ತೋರುತ್ತಾರೆ. ಗಡುಸು ಆಹಾರ ತಿನ್ನುತ್ತಿದ್ದ ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಲ್ಲುಗಳು ಒಂದಕ್ಕೊಂದು ಉಜ್ಜಿ ಸವೆದು ಸಾಲು ಗಿಡ್ಡವಾಗುತ್ತಿತ್ತು, ಮೆತ್ತನೆಯ ಊಟದ ನಮಗೆ ಆ ಸವೆತವಿಲ್ಲ ಎಂದು ಬೆಗ್ 1954ರಲ್ಲಿ ಬರೆದ. ರಾಬರ್ಟ್ ಕೊರುಚಿನಿ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಉತ್ತರ ಭಾರತದ ಸಮೀಕ್ಷೆಯಲ್ಲಿ, ಚಂಡೀಗಢ ನಗರದ ಯುವಜನರ ಹಲ್ಲುಗಳು ಪಂಜಾಬಿನ ಹಳ್ಳಿಯ ಯುವಜನರದ್ದಕ್ಕಿಂತ ಹೆಚ್ಚು ಏರುಪೇರಾಗಿದ್ದವು; ಎರಡು ಗುಂಪುಗಳ ವಂಶಮೂಲ ಹೆಚ್ಚು ಬೇರೆಯಲ್ಲ, ಊಟ ಬೇರೆ. ಡೇನಿಯಲ್ ಲೀಬರ್ಮನ್ ತಂಡ 2004ರಲ್ಲಿ ಹೈರಾಕ್ಸ್ ಎಂಬ ಸಣ್ಣ ಪ್ರಾಣಿಗಳಿಗೆ ಬೇಯಿಸಿದ ಆಹಾರ ಕೊಟ್ಟು ಬೆಳೆಸಿದಾಗ, ಗಡುಸು ಆಹಾರ ತಿಂದವಕ್ಕಿಂತ ಮುಖದ ಕೆಲವು ಭಾಗಗಳ ಬೆಳವಣಿಗೆ ಸುಮಾರು ಶೇಕಡ 10ರಷ್ಟು ಕಡಿಮೆಯಾಗಿತ್ತು. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬುದು ಗಾದೆಯ ಲೆಕ್ಕ. ಹಲ್ಲಿಗೆ ಜಾಗ ಆಗಬೇಕಾದರೂ ಕಡಲೆ ಬೇಕಿತ್ತೇನೋ ಎಂಬುದು ಇವರ ಲೆಕ್ಕ. ಇಷ್ಟಾದ ಮೇಲೆ, ಅಗಿತದಿಂದ ಎಲುಬು ಬೆಳೆಯುತ್ತದೆ ಎಂದ ಆ್ಯಂಗಲ್ ಗೆದ್ದಂತಲ್ಲವೇ ಎಂದು ಕೇಳಬಹುದು. ಅರ್ಧ ಗೆದ್ದಂತೆ. ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಬೀಳುವ ಅಗಿತದ ಭಾರಕ್ಕೆ ದವಡೆ ಓಗೊಡುತ್ತದೆ ಎಂಬುದು ಒಂದು ಮಾತು. ಹನ್ನೆರಡನೆಯ ವಯಸ್ಸಿನಲ್ಲಿ ತಂತಿಯಿಂದ ಹಲ್ಲು ಅಗಲಿಸಿ, ಬುನಾದಿ ಹಿಂಬಾಲಿಸಲಿ ಎಂದು ಕಾಯುವುದು ಇನ್ನೊಂದು ಮಾತು. ಮೊದಲನೆಯದರ ಸಾಕ್ಷಿಯನ್ನು ಎರಡನೆಯದಕ್ಕೆ ಸಾಲ ತರಲಾಗದು.

ವರ್ಗೀಕರಣದ ಮೇಲೂ ದೂರುಗಳಿವೆ. ಅದು ಪಕ್ಕದಿಂದ ಮಾತ್ರ ನೋಡುತ್ತದೆ, ದವಡೆಯ ಅಗಲ ಎತ್ತರಗಳನ್ನು ಕೇಳುವುದಿಲ್ಲ, ಮೇಲಿನ ದವಡೆ ಹಲ್ಲು ಎಂದೂ ಜಾಗ ತಪ್ಪದು ಎಂದು ನಂಬಿಕೊಂಡಿದೆ. ಎಲ್ಲ ದೂರೂ ನಿಜ, ಹಾಗೆಂದೇ ಇಂದಿನ ವೈದ್ಯರು ಆ ಅಂಕಿಯನ್ನು ಬರೆದು ಅಲ್ಲಿಗೇ ನಿಲ್ಲುವುದಿಲ್ಲ. ಎಕ್ಸ್-ರೇ, ಅಚ್ಚು, ಮುಖದ ಫೋಟೊ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ. ಇದೆಲ್ಲ ಬರೀ ಚೆಲುವಿನ ಚಪಲ ಎಂಬ ದೂರಿಗೂ ಮಿತಿಯಿದೆ. ಚಾಚಿದ ಮೇಲಿನ ಬಾಚಿಹಲ್ಲುಗಳಿರುವ ಮಕ್ಕಳು ಬಿದ್ದಾಗ ಹಲ್ಲು ಮುರಿದುಕೊಳ್ಳುವ ಸಂಭವ ಹೆಚ್ಚು. ಆದರೆ ತುಸು ತಿರುಗಿದ ಒಂದು ಹಲ್ಲಿಗೆ ಚಿಕಿತ್ಸೆ ಬೇಕೇಬೇಕು ಎಂದು ಯಾವ ಅಂಕಿಯೂ ಹೇಳುವುದಿಲ್ಲ. ಅದು ಮಗುವೂ ಮನೆಯವರೂ ವೈದ್ಯರೂ ಕೂತು ನಿರ್ಧರಿಸುವ ವಿಷಯ. ಆ್ಯಂಗಲ್ ತನ್ನ ಆದರ್ಶವನ್ನು ನಿಸರ್ಗದ ಆಜ್ಞೆ ಎಂದು ಓದಿದ. ಅಳತೆಗೋಲನ್ನು ಕೈಯಲ್ಲಿ ಹಿಡಿದವರಿಗೆಲ್ಲ ಇರುವ ಅಪಾಯ ಅದು.

ಇಂದು ಕ್ಲಿಪ್ ಬಿಚ್ಚಿದ ದಿನ ವೈದ್ಯರು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಒಂದು ಸಣ್ಣ ತಂತಿ ಅಂಟಿಸುತ್ತಾರೆ, ಇಲ್ಲವೇ ರಾತ್ರಿ ಹಾಕಿಕೊಳ್ಳಲು ರಿಟೈನರ್ ಕೊಟ್ಟು ವರ್ಷಗಟ್ಟಲೆ ಬಿಡಬೇಡ ಎನ್ನುತ್ತಾರೆ. ಆ್ಯಂಗಲ್‌ನ ಸಿದ್ಧಾಂತ ಪೂರ್ತಿ ನಿಜವಾಗಿದ್ದರೆ ಅದು ಬೇಕಿರಲಿಲ್ಲ, ಸರಿಯಾಗಿ ಕೂತ ಹಲ್ಲನ್ನು ಎಲುಬೇ ಹಿಡಿದಿಡುತ್ತಿತ್ತು. ಟ್ವೀಡ್‌ನ ಭರವಸೆ ಪೂರ್ತಿ ನಿಜವಾಗಿದ್ದರೂ ಬೇಕಿರಲಿಲ್ಲ. ಬಾಯಿ ಮುಚ್ಚಿದರೆ ಯಾರಿಗೂ ಕಾಣದ ಆ ತಂತಿ ಗುರುವಿನಿಂದಲೂ ಶಿಷ್ಯರಿಂದಲೂ ಉಳಿದುಬಂದ ಬಾಕಿಯ ಲೆಕ್ಕ. ನಾಲಿಗೆಯ ತುದಿ ಆಗಾಗ ಅದನ್ನು ಮುಟ್ಟಿ ನೋಡುತ್ತಿರುತ್ತದೆ.